ಮೂರಡಿಯ ಮೇಲಿನ ಮನೆ

ಮಾರ್ಚ್ ಹನ್ನೊಂದು, ಮಂಗಳವಾರ. ಅಂದು ಸಂಜೆ ಆರು ಗಂಟೆಯ ಹೊತ್ತಿಗೆ ಆ ಮನೆಯಲ್ಲಿ ತಮ್ಮ ಜಾಗ ಬಿಟ್ಟು ಮೇಲೇರಿ ಕುಳಿತ ವಸ್ತುಗಳು ಒಟ್ಟು ನಲವತ್ತಮೂರು.

ಏರಿಸಿದವನು ಮನೆಯ ಯಜಮಾನ, ಕಸುಬಿನಿಂದ ಬಡಗಿ. ಏರಿಸಿದ್ದು ಹೆಂಡತಿಗಾಗಿ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಅವಳ ಎರಡನೆಯ ಮಗುವನ್ನು ಹೊರತೆಗೆಯುವುದೆಂದು ಆಸ್ಪತ್ರೆಯವರು ಮೂರು ವಾರ ಮುಂಚೆಯೇ ಗೊತ್ತುಮಾಡಿದ್ದರು. ಮೊದಲ ಮಗುವಿನ ಸಲ ಹೀಗಿರಲಿಲ್ಲ. ಎರಡು ದಿನ ನೋವು ತಿಂದು, ಕೊನೆಯ ಗಳಿಗೆಯಲ್ಲಿ ಎಲ್ಲರೂ ಓಡಾಡಿ, ಸಹಿ ಹಾಕಲು ಪೆನ್ನು ಸಿಗದೆ ಅವನು ಕಿವಿಯ ಮೇಲಿದ್ದ ದಪ್ಪ ಪೆನ್ಸಿಲಿನಿಂದಲೇ ಕಾಗದದ ಮೇಲೆ ಗೀಚಿ ಬೈಸಿಕೊಂಡಿದ್ದ. ಈ ಸಲ ದಿನಾಂಕ ಕೈಯಲ್ಲಿತ್ತು. ದಿನಾಂಕ ಕೈಯಲ್ಲಿದ್ದರೆ ಬಡಗಿ ಕೈಕಟ್ಟಿ ಕೂರುವವನಲ್ಲ.

ವೈದ್ಯೆ ಹೇಳಿದ್ದು ಎರಡೇ ಮಾತು. ಆರು ವಾರ ಬಗ್ಗಬಾರದು. ಆರು ವಾರ, ಹುಟ್ಟಿದ ಮಗುವಿಗಿಂತ ಭಾರವಾದ ಯಾವುದನ್ನೂ ಎತ್ತಬಾರದು. ಅವನು ಎರಡನ್ನೂ ಕೆಲಸದ ಅಳತೆಗಳನ್ನು ಬರೆಯುವ ಪುಸ್ತಕದಲ್ಲೇ ಬರೆದುಕೊಂಡ. ಮನೆಗೆ ಬಂದು ಹೆಂಡತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದ. ಮೂವತ್ತೊಂಬತ್ತು ಇಂಚು. ನಿಂತು ಕೆಲಸ ಮಾಡುವವರ ಮೇಜು ಮೊಣಕೈಗಿಂತ ಮೂರು ಇಂಚು ಕೆಳಗಿರಬೇಕೆಂಬುದು ಅವನ ಕಸುಬಿನ ಲೆಕ್ಕ. ಮೂವತ್ತೊಂಬತ್ತರಲ್ಲಿ ಮೂರು ಕಳೆದರೆ ಮೂವತ್ತಾರು. ಮೂರಡಿ.

“ಇನ್ನು ಈ ಮನೇಲಿ ನಿನ್ನ ಕೈಗೆ ಬೇಕಾದ್ದು ಯಾವುದೂ ಮೂರಡಿಗಿಂತ ಕೆಳಗೆ ಇರಲ್ಲ,” ಎಂದ. “ನೀನು ಸುಮ್ನೆ ನಿಂತ್ಕೋ, ಸಾಕು. ಸಾಮಾನೇ ನಿನ್ನ ಹತ್ರ ಬರುತ್ತೆ.”

ಹೇಳಿದಂತೆ ಮಾಡಿದ. ಒಗೆಯುವ ಬಟ್ಟೆಯ ಬುಟ್ಟಿಗೆ ಕಾಲು ಬಂತು. ಹಾಲಿನ ಪಾತ್ರೆ, ಲೋಟಗಳು, ಬ್ರೆಡ್ಡಿನ ಡಬ್ಬಿ, ಟವೆಲ್ಲು, ಚಪ್ಪಲಿ, ಗೊಂಬೆಗಳ ಬುಟ್ಟಿ, ಚಿತ್ರದ ಪುಸ್ತಕ, ಎಲ್ಲಕ್ಕೂ ಗೋಡೆಯ ಮೇಲೆ ಹಲಗೆ ಬಿತ್ತು. ಮಂಚದ ನಾಲ್ಕು ಕಾಲಿನ ಕೆಳಗೆ ಹತ್ತು ಹತ್ತು ಇಂಚಿನ ಮರದ ದಿಮ್ಮಿ ಸೇರಿ, ಇಪ್ಪತ್ತು ಇಂಚಿದ್ದ ಹಾಸಿಗೆ ಮೂವತ್ತಕ್ಕೆ ಏರಿತು. ಎತ್ತರದ ಹಾಸಿಗೆಯಿಂದ ಕಾಲು ಜಾರಿಸಿದರೆ ಹೊಟ್ಟೆ ಬಿಗಿಯದೆ ನಿಲ್ಲಬಹುದು. ಕೊನೆಗೆ, ಮಗಳ ಪ್ಲಾಸ್ಟಿಕ್ಕಿನ ಪುಟ್ಟ ಕಮೋಡನ್ನೂ ಒಂದು ಗಟ್ಟಿ ಪೆಟ್ಟಿಗೆಯ ಮೇಲೆ ಕೂರಿಸಿದ. ಅದು ನಲವತ್ತಮೂರನೆಯದು.

ಹೆಂಡತಿಗೆ ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೆಲಸ. ಹನ್ನೊಂದು ವರ್ಷ ಗಂಟುಮೂಟೆ ಎತ್ತಿ ಎತ್ತಿ ಅವಳ ಕೈಯೇ ತಕ್ಕಡಿಯಾಗಿತ್ತು. ಅವಳು ಎತ್ತಿ ನೋಡಿ ಹೇಳಿದ ತೂಕಕ್ಕೂ ಯಂತ್ರ ತೋರಿಸುವ ತೂಕಕ್ಕೂ ಐವತ್ತು ಗ್ರಾಮಿಗಿಂತ ಹೆಚ್ಚಿನ ವ್ಯತ್ಯಾಸ ಬರುತ್ತಿರಲಿಲ್ಲ. ಅವಳೂ ಮನೆಯೆಲ್ಲ ಒಮ್ಮೆ ಸುತ್ತಿ ನೋಡಿದಳು. ಒಂದು ತಪ್ಪೂ ಕಾಣಲಿಲ್ಲ. “ಮಹಾರಾಣಿ ಮಾಡಿಬಿಟ್ರಲ್ರೀ ನನ್ನ,” ಎಂದಳು. ಒಬ್ಬರು ಉದ್ದದಲ್ಲಿ, ಒಬ್ಬರು ತೂಕದಲ್ಲಿ ಅನ್ನ ದುಡಿಯುವ ಗಂಡ ಹೆಂಡತಿ. ಇಬ್ಬರೂ ಸೇರಿ ಅಳೆದದ್ದು ಮಾತ್ರ ಒಬ್ಬರನ್ನೇ.

ಮನೆಯಲ್ಲಿ ಮೂರನೆಯವಳೊಬ್ಬಳಿದ್ದಳು. ವಯಸ್ಸು ಎರಡು ವರ್ಷ ಮೂರು ತಿಂಗಳು. ತೂಕ ಹನ್ನೊಂದು ಕಿಲೋ ಮುನ್ನೂರು ಗ್ರಾಂ. ಕರೆಯುತ್ತಿದ್ದದ್ದು ಚಿಲ್ಟು ಎಂದು. ಅವಳ ಎತ್ತರವನ್ನು ಅಪ್ಪ ಆ ವಾರ ಅಳೆದಿರಲಿಲ್ಲ.

ಶುಕ್ರವಾರ ಹೇಳಿದ ಹೊತ್ತಿಗೆ ಹೇಳಿದಂತೆ ಗಂಡುಮಗು ಬಂತು. ತಾಯಿ ಎದೆಯ ಮೇಲೆ ಇಟ್ಟ ಕೂಡಲೇ “ಮೂರು ನೂರು” ಎಂದಳು. ದಾದಿ ತೂಗಿ ಮೂರು ಕಿಲೋ ನೂರು ಗ್ರಾಂ ಎಂದು ಬರೆದುಕೊಂಡಳು. ಬಲಗಡೆಗೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳುವುದನ್ನೂ, ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳುವುದನ್ನೂ ಅದೇ ದಾದಿ ಕಲಿಸಿದಳು. ಹದಿನೆಂಟರ ಮಂಗಳವಾರ ಮನೆಗೆ ಕಳಿಸಿದರು.

ಬಾಗಿಲು ತೆರೆದವಳು ಬಡಗಿಯ ಅಕ್ಕ. ಅವಳು ಬೇರೊಂದು ಊರಿನ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂರುವವಳು. ಎರಡು ವಾರ ರಜೆ ಹಾಕಿ, ತಮ್ಮನ ಮನೆಗೆ ಬಂದು, ಆಸ್ಪತ್ರೆಯ ದಿನಗಳಲ್ಲಿ ಚಿಲ್ಟುವನ್ನು ನೋಡಿಕೊಂಡಿದ್ದಳು.

“ಬಾರಮ್ಮ, ಬಾ. ಮೆಟ್ಟಿಲು ನೋಡ್ಕೊಂಡು ಹತ್ತು. ಇಳಿಯೋರಿಗೆ ಮೊದಲು ದಾರಿ ಬಿಡ್ರಪ್ಪಾ! ಲೋ, ನೀನೇನು ಕಂಬದ ಥರ ನಿಂತಿದೀಯ, ಮಗು ಇಸ್ಕೋ.”

“ಅತ್ತಿಗೆ, ನಗಿಸಬೇಡಿ. ಹೊಲಿಗೆ ಎಳೆಯುತ್ತೆ,” ಎಂದು ತಾಯಿ ದಿಂಬು ಒತ್ತಿಕೊಂಡಳು.

“ನಾನೆಲ್ಲಿ ನಗಿಸಿದೆ? ಇದು ನಾನು ಮಾತಾಡೋ ರೀತಿ. ಇಪ್ಪತ್ತೆರಡು ವರ್ಷ ಮೈಕಿನ ಮುಂದೆ ಕೂತವಳು.”

ಅತ್ತಿಗೆಯ ಮಂಡಿಯ ಹಿಂದಿನಿಂದ ಎರಡು ಕಣ್ಣು ಕಂಡವು. ತಾಯಿ, “ಚಿಲ್ಟೂ, ಬಾ ಚಿನ್ನ,” ಎಂದಳು. ಮಗು ದಿಂಬನ್ನು ನೋಡಿತು. ಅಪ್ಪನ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೋಡಿತು. ಬೆನ್ನು ತಿರುಗಿಸಿ ಅಡುಗೆಮನೆಗೆ ನಡೆಯಿತು.

“ನಾಲ್ಕು ದಿನ ಕಾಣಲಿಲ್ಲ ಅಂತ ಮುನಿಸು ಕಣೇ. ಸಾಯಂಕಾಲದೊಳಗೆ ಸರಿಹೋಗ್ತಾಳೆ.”

ಸರಿಹೋಗಲಿಲ್ಲ. ಮರುದಿನ ಬೆಳಿಗ್ಗೆ ತಾಯಿ ಎತ್ತರದ ಹಾಸಿಗೆಯ ಮೇಲೆ ಮಲಗಿ ಹಾಲೂಡಿಸುತ್ತಿದ್ದಾಗ, ಮಂಚದ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಮಗಳ ದನಿ ಕೇಳಿತು.

“ಅತ್ತೇ, ಅಮ್ಮ ಎಲ್ಲಿ?”

“ಇಲ್ಲೇ ಮೇಲಿದಾಳಲ್ಲೇ, ನೋಡು.” ಅತ್ತಿಗೆ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿ ತೋರಿಸಿದಳು. ಮಗು ಅಮ್ಮನನ್ನು ನೋಡಿತು, ತಮ್ಮನನ್ನು ನೋಡಿತು. ತಾಯಿ ಕೈಚಾಚುವಷ್ಟರಲ್ಲಿ ಅತ್ತಿಗೆಯ ತೋಳು ಸೋತು ಮಗು ಕೆಳಗಿಳಿಯಿತು. ಗೋಡೆಯ ಮೇಲಿನ ಚಿತ್ರ ತೋರಿಸಿದ ಹಾಗಾಯಿತು. ಅಂದು ಮೂರು ಸಲ ಕೇಳಿತು. ಮರುದಿನ ಒಂದು ಸಲ. ಆಮೇಲೆ ಕೇಳುವುದನ್ನೇ ಬಿಟ್ಟಿತು.

ಅತ್ತೆಯ ಕೈಯಿಂದ ತಿಂದಿತು, ಅತ್ತೆಯ ಪಕ್ಕ ಮಲಗಿತು. ಲೋಟ ಬೇಕಾದರೆ ಬೆರಳು ಮೇಲೆ ತೋರಿಸುತ್ತಿತ್ತು, ಅದನ್ನೂ ಅತ್ತೆ ಎದುರಿಗಿದ್ದರೆ ಮಾತ್ರ. ಕಮೋಡಿನ ಮೇಲೆ ಕೂರಿಸಿದರೆ ಬಾವಿಯ ದಂಡೆಯ ಮೇಲೆ ಇಟ್ಟಂತೆ ಕಿರುಚುತ್ತಿತ್ತು. “ಅದು ಕಮೋಡಲ್ಲ ಕಣೋ, ಸಿಂಹಾಸನ,” ಎಂದು ಅಕ್ಕ ತಮ್ಮನನ್ನು ಛೇಡಿಸಿದಳು. “ರಾಜ್ಯ ಆಳು ಅಂದ್ರೆ ಆಳ್ತಾಳೆ, ಉಚ್ಚೆ ಹೊಯ್ಯಿ ಅಂದ್ರೆ ಹೆಂಗೆ ಹೊಯ್ದಾಳು?”

ಶುಕ್ರವಾರ ಮಧ್ಯಾಹ್ನ ಕಪಾಟಿನ ಬಾಗಿಲಿಗೆ ಮಗುವಿನ ಬೆರಳು ಸಿಕ್ಕಿತು. ಕಪಾಟು ಇದ್ದದ್ದು ತಾಯಿಯ ಕೋಣೆಯಲ್ಲೇ. ಮಗು ಬಾಯಿ ತೆರೆದು, ಉಸಿರು ಕಟ್ಟಿ, ಆಮೇಲೆ ಅತ್ತಿತು. ತಾಯಿ ಹೊರಳಿ ಕೈಚಾಚಿದಳು. ಮಗು ಬೆರಳು ಹಿಡಿದುಕೊಂಡು, ಮಂಚದ ಪಕ್ಕದಿಂದಲೇ ಓಡಿ, ಚಾಚಿದ ಕೈಯ ಅಡಿಯಿಂದಲೇ ಹಾದು, ಅಡುಗೆಮನೆಗೆ ಹೋಯಿತು. “ಅತ್ತೇ!” ಎಂಬ ಕೂಗು, “ಅಯ್ಯೋ ನನ್ನ ಬಂಗಾರ” ಎಂಬ ಉತ್ತರ, ನಲ್ಲಿಯ ನೀರಿನ ಸದ್ದು. ಮಗಳ ಅಳುವಿಗೆ ಎದೆಯ ಹಾಲು ತಾನಾಗಿ ಸುರಿದು ತಾಯಿಯ ಅಂಗಿ ತೋಯ್ದಿತು. ಮಗ ಪಕ್ಕದಲ್ಲಿ ನಿದ್ದೆಮಾಡುತ್ತಿದ್ದ. ಚಾಚಿದ ಕೈಯನ್ನು ಎಷ್ಟು ಹೊತ್ತಿನ ಮೇಲೆ ಮಡಿಸಿದಳೋ ಅವಳಿಗೇ ತಿಳಿಯಲಿಲ್ಲ.

ಶನಿವಾರ ಊಟದ ಮೇಜಿನಲ್ಲಿ ಅತ್ತಿಗೆ ವಿಷಯ ತೆಗೆದಳು.

“ನನ್ನ ರಜೆ ಬುಧವಾರಕ್ಕೆ ಮುಗಿಯುತ್ತೆ. ಅವತ್ತಿಗೆ ನಿನಗೆ ಹನ್ನೆರಡು ದಿನ. ಡಾಕ್ಟರು ಹೇಳಿದ್ದು ನಲವತ್ತೆರಡು. ಬಾಕಿ ಮೂವತ್ತು ದಿನ ಈ ಇಬ್ಬರನ್ನ ಒಬ್ಬಳೇ ಹೆಂಗೆ ನೋಡ್ಕೋತೀಯ? ಇವನು ನೋಡಿದ್ರೆ ಬೆಳಿಗ್ಗೆ ಎಂಟಕ್ಕೆ ಹೋದ್ರೆ ಸಂಜೆ ಆರಕ್ಕೆ ಬರೋದು.”

ಬಡಗಿಯ ಮೇಲೆ ಶಿಶುವಿಹಾರವೊಂದಕ್ಕೆ ಇಪ್ಪತ್ತನಾಲ್ಕು ಪುಟ್ಟ ಮೇಜು ಮಾಡಿಕೊಡುವ ಹೊಣೆ ಇತ್ತು. ಅವನು ತಟ್ಟೆ ನೋಡಿಕೊಂಡ.

“ಚಿಲ್ಟುನ ನಾನು ಕರ್ಕೊಂಡು ಹೋಗ್ತೀನಿ,” ಎಂದಳು ಅತ್ತಿಗೆ. “ನಮ್ಮ ನಿಲ್ದಾಣದ ಹಿಂದೇನೇ ಶಿಶುಮಂದಿರ ಇದೆ. ನಲವತ್ತೆರಡು ದಿನ ತುಂಬಿದ ಮೇಲೆ ನಾನೇ ತಂದು ಬಿಡ್ತೀನಿ. ನನ್ನ ಹತ್ರ ಹೊಂದಿಕೊಂಡೂ ಇದಾಳೆ.”

ಕೊನೆಯ ಮಾತು ಸುಳ್ಳಲ್ಲವೆಂದು ತಾಯಿಗೂ ಗೊತ್ತಿತ್ತು.

“ಅಕ್ಕ ಹೇಳೋದು ಸರಿ ಇದೆ,” ಎಂದ ಬಡಗಿ, ನಿಧಾನವಾಗಿ. “ಒಂದು ತಿಂಗಳು ತಾನೆ?”

“ಒಂದು ತಿಂಗಳು ಅಂದ್ರೆ ಅವಳ ವಯಸ್ಸಿನ ಇಪ್ಪತ್ತೇಳರಲ್ಲಿ ಒಂದು ಪಾಲು ಕಣ್ರೀ. ನಿಮ್ಮ ವಯಸ್ಸಿಗೆ ಲೆಕ್ಕ ಹಾಕಿ. ಒಂದೂಕಾಲು ವರ್ಷ ಆಗುತ್ತೆ.” ಅವಳ ದನಿ ಏರಲಿಲ್ಲ. “ನಾಲ್ಕು ದಿನಕ್ಕೆ ನನ್ನ ಮರೆತಳು. ಮೂವತ್ತು ದಿನ ಆದ್ರೆ ನಾನು ಯಾರು ಅಂತ ನೀವು ಪರಿಚಯ ಮಾಡಿಸಬೇಕಾಗುತ್ತೆ. ಬುಧವಾರದವರೆಗೆ ಸುಮ್ನಿರಿ. ಆಮೇಲೆ ಹೇಳ್ತೀನಿ.”

ಭಾನುವಾರ ಬಡಗಿ ಮೇಜುಗಳ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಔಷಧಿ ಅಂಗಡಿಗೆ ಹೋದಳು. ಹದಿನೈದು ನಿಮಿಷದ ದಾರಿ. ಮಗ ಮಲಗಿದ್ದ. ಚಿಲ್ಟು ಬೆಳಗಿನ ತಿಂಡಿಯಾದಾಗಿನಿಂದ ಊಟದ ಮೇಜಿನ ಕೆಳಗೆ ಸೇರಿಕೊಂಡು ಹೊರಗೆ ಬಂದಿರಲಿಲ್ಲ.

ತಾಯಿ ಎದ್ದು ಬಂದು ಮೇಜಿನ ಪಕ್ಕ ನಿಂತಳು. ಇಳಿಬಿಟ್ಟ ಮೇಜುಬಟ್ಟೆಯ ಅಡಿಯಲ್ಲಿ ಏನೂ ಕಾಣಲಿಲ್ಲ. “ಚಿಲ್ಟೂ?” ಉತ್ತರವಿಲ್ಲ. “ಏನ್ಮಾಡ್ತಿದೀಯ ಮಗಾ?” ಸದ್ದಿಲ್ಲ. ಗಲಾಟೆ ಮಾಡುವ ಮಗುವಿಗೆ ಹೆದರಬೇಕಾಗಿಲ್ಲ, ಸುಮ್ಮನಿರುವ ಮಗುವಿಗೆ ಹೆದರಬೇಕು. ಬಗ್ಗಿ ನೋಡುವಂತಿಲ್ಲ. ನೋಡದೆ ನಿಲ್ಲುವಂತೆಯೂ ಇಲ್ಲ. ಅವಳು ಒಂದು ಕುರ್ಚಿ ಎಳೆದು, ಎರಡು ಕೈಯಲ್ಲಿ ಅದರ ಅಂಚು ಹಿಡಿದು, ಬೆನ್ನು ನೆಟ್ಟಗಿಟ್ಟುಕೊಂಡು, ಒಂದು ಮಂಡಿ ಊರಿದಳು. ಸುಧಾರಿಸಿಕೊಂಡು ಉಸಿರಾಡಿದಳು. ಇನ್ನೊಂದು ಮಂಡಿ ಊರಿದಳು. ಹೊಲಿಗೆಯ ಎಡತುದಿ ಚುರುಕ್ ಎಂದಿತು, ತಡೆದಳು. ಪಕ್ಕಕ್ಕೆ ವಾಲಿ, ತೊಡೆಯ ಮೇಲೆ ಭಾರ ಬಿಟ್ಟು, ನೆಲ ಮುಟ್ಟಿದಳು. ಮನೆ ಮೇಲೇರಿದ ಹನ್ನೆರಡು ದಿನಗಳಲ್ಲಿ ಅವಳು ಮೊದಲ ಬಾರಿಗೆ ನೆಲದ ಮೇಲೆ ಕುಳಿತದ್ದು ಅಂದು.

ಕುಳಿತು ತಲೆಯೆತ್ತಿದಾಗ, ಅದು ಅವಳ ಮನೆಯಾಗಿರಲಿಲ್ಲ.

ಸುತ್ತ ಕಂಡದ್ದು ಕಾಲುಗಳು. ಮೇಜಿನ ಕಾಲು, ಕುರ್ಚಿಯ ಕಾಲು, ಬುಟ್ಟಿಗೆ ಬಂದ ಹೊಸ ಕಾಲು. ಅದಕ್ಕಿಂತ ಮೇಲೆ ಹಲಗೆಗಳ ತಳ. ಬಣ್ಣವಿಲ್ಲ, ಉಜ್ಜಿಲ್ಲ, ಗಂಡನ ಪೆನ್ಸಿಲಿನ ಗೆರೆಗಳು ಹಾಗೇ ಉಳಿದಿದ್ದವು. ಹಲಗೆಗಳ ಮೇಲೆ ಏನಿದೆಯೆಂದು ಇಲ್ಲಿಂದ ತಿಳಿಯುವಂತಿರಲಿಲ್ಲ. ಲೋಟವಿಲ್ಲ, ಗೊಂಬೆಯಿಲ್ಲ, ಪುಸ್ತಕವಿಲ್ಲ. ಯಾರೋ ಮನೆ ಖಾಲಿ ಮಾಡಿಕೊಂಡು ಹೋಗಿ, ಮಗುವೊಂದನ್ನು ಮರೆತು ಬಿಟ್ಟಂತಿತ್ತು.

ಮೇಜುಬಟ್ಟೆ ಸರಿಸಿದಳು. ಚಿಲ್ಟು ಗೋಡೆಗೆ ಒರಗಿ ಕುಳಿತಿತ್ತು. ಮುಂದೆ ಸಾಲಾಗಿ ಜೋಡಿಸಿದ ಸಾಮಾನು: ಒಂದು ಚಮಚ, ಬಾಟಲಿಯ ಮುಚ್ಚಳ, ಬಟ್ಟೆಯ ಕ್ಲಿಪ್ಪು, ಬ್ರೆಡ್ಡಿನ ಒಣಗಿದ ಅಂಚು, ಅಪ್ಪನ ಪೆನ್ಸಿಲಿನ ತುಂಡು, ತಮ್ಮನ ಒಂದು ಕಾಲುಚೀಲ, ಮತ್ತೆ ಮೂರು ಗುಂಡಿ. ಒಂಬತ್ತು. ಮೂರಡಿಯ ಮೇಲಿನ ಮನೆಯಿಂದ ಈ ವಾರ ಕೆಳಗೆ ಬಿದ್ದದ್ದು ಅಷ್ಟೇ. ಅದರಲ್ಲಿ ಮಗು ಸಂಸಾರ ಹೂಡಿತ್ತು.

“ಇದು ನಂದು,” ಎಂದಿತು ಮಗು, ಎಚ್ಚರಿಕೆಯ ದನಿಯಲ್ಲಿ.

“ನಿಂದೇ. ನಿನ್ನ ಲೋಟ ಎಲ್ಲಿ ಮಗಾ?”

ಬೆರಳು ನೆಟ್ಟಗೆ ಎದ್ದಿತು. “ಮೇಲೆ.”

“ಗೊಂಬೆ?”

“ಮೇಲೆ.”

ಕೇಳಬಾರದೆಂದುಕೊಂಡರೂ ಕೇಳಿದಳು. “ಅಮ್ಮ?”

“ಮೇಲೆ.”

ಹೇಳಿದ ಮೇಲೆ ಮಗುವಿಗೇ ಅನುಮಾನ ಬಂತು. ಮಂಡಿಯೂರಿ ಹತ್ತಿರ ಬಂದು, ತಾಯಿಯ ಮಂಡಿಯನ್ನು ಒಂದು ಬೆರಳಿನಿಂದ ಒತ್ತಿ ನೋಡಿತು. ಮುಖ ನೋಡಿತು. ನೆಲ ನೋಡಿತು. ಹುಬ್ಬು ಗಂಟಾಯಿತು.

“ಬಿದ್ಯಾ?”

ತಾಯಿಗೆ ನಗು ಬಂತು; ದಿಂಬು ಹಾಸಿಗೆಯ ಮೇಲೆ ಉಳಿದಿತ್ತು; ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಬಂತು, ಆ ನೀರಿನಲ್ಲಿ ನೋವಿನದೆಷ್ಟು ಎಂದು ಬೇರೆ ತೂಗಲು ಬರುವಂತಿರಲಿಲ್ಲ. “ಹೂಂ ಕಣೇ. ಬಿದ್ದೆ.”

ಮಗು ಒಪ್ಪಿಕೊಂಡಿತು. ಬಿದ್ದದ್ದೆಲ್ಲ ಅದರದ್ದು. ಚಮಚ ತಂದು ತಾಯಿಯ ಮಡಿಲಲ್ಲಿಟ್ಟಿತು, ಮುಚ್ಚಳ ಇಟ್ಟಿತು, ಗುಂಡಿಗಳನ್ನು ಒಂದೊಂದಾಗಿ ಇಟ್ಟಿತು. ಕಾಲುಚೀಲ ಕೊಡಲಿಲ್ಲ.

ಅತ್ತಿಗೆ ಬಂದು ನೋಡಿ ಔಷಧಿಯ ಚೀಟಿ ಕೈಬಿಟ್ಟಳು. “ಅಯ್ಯೋ ನನ್ನ ತಾಯಿ! ಬಿದ್ಯೇನೇ?”

“ಅದೇ ಪ್ರಶ್ನೆ ಈಗಷ್ಟೇ ಆಯ್ತು ಅತ್ತಿಗೆ. ಬಿದ್ದಿಲ್ಲ, ಇಳಿದಿದೀನಿ.”

“ಇಳಿಯೋಕೆ ಯಾರು ಹೇಳಿದ್ರು? ಇಳಿದವಳಿಗೆ ಹತ್ತೋಕೆ ಬರುತ್ತಾ? ನಿನ್ನ ಎತ್ತಬೇಕಾದ್ರೆ ನಿನ್ನ ಗಂಡ ಕ್ರೇನು ತರಿಸಬೇಕು.”

ಎರಡು ಕುರ್ಚಿ, ಒಂದು ಭುಜ, ಹನ್ನೊಂದು ನಿಮಿಷ ಬೇಕಾದವು ಮೇಲೇಳಲು. ಮಗು ಉದ್ದಕ್ಕೂ ಹಿಂದೆ ನಿಂತು, ತನ್ನದೊಂದು ಸಾಮಾನನ್ನು ಯಾರೋ ಎತ್ತಿಕೊಂಡು ಹೋಗುತ್ತಿರುವಂತೆ ನೋಡುತ್ತಿತ್ತು.

ಸಂಜೆ ಬಡಗಿ ಬಂದು ಕೈಕಾಲು ತೊಳೆಯುವುದರೊಳಗೆ ಹೆಂಡತಿ ಹೇಳಿದಳು. “ರೀ, ಮನೆ ಇಳಿಸಿ.”

“ಏನು ಇಳಿಸೋದು?”

“ನೀವು ಏರಿಸಿದ್ದು.”

ಅವನಿಗೆ ಕೋಪ ಬಂತು. ಮೂರು ವಾರದ ಕೆಲಸ ಅದು. “ಡಾಕ್ಟರು ಬಗ್ಗಬೇಡ ಅಂದಿದಾರೆ. ಇವತ್ತು ನೆಲಕ್ಕೆ ಇಳಿದ್ಯಂತೆ, ಅಕ್ಕ ಹೇಳಿದಳು. ನಾನು ಅಷ್ಟೆಲ್ಲ ಅಳತೆ ಮಾಡಿ ಮಾಡಿದ್ದು ಯಾಕೆ ಮತ್ತೆ?”

“ಅಳತೆ ಸರಿ ಇದೆ. ಒಬ್ಬರದ್ದೇ ಅಳತೆ. ಬನ್ನಿ, ಈ ಮೇಜಿನ ಕೆಳಗೆ ಒಂದು ಸಲ ಮಲಗಿ.”

“ನಂಗೇನು ಹುಚ್ಚಾ?”

“ಮಲಗಿ ಅಂದ್ರೆ ಮಲಗಬಾರದಾ? ನಾನು ಹೊಟ್ಟೆ ಹೊಲಿಸಿಕೊಂಡವಳು ಇಳಿದೆ.”

“ಮಲ್ಕೊಳ್ಳೋ,” ಎಂದಳು ಅಕ್ಕ ಒಳಗಿನಿಂದ. “ಬಾಣಂತಿ ಹೇಳಿದ ಮಾತು ತೆಗೀಬೇಡ.”

ಐದಡಿ ಹತ್ತಿಂಚಿನ ಬಡಗಿ ಮೇಜಿನ ಕೆಳಗೆ ಮಲಗಿದ. ಕಾಲು ಹೊರಗೇ ಉಳಿಯಿತು. ಹಲಗೆಗಳ ತಳವನ್ನು ಒಂದೊಂದಾಗಿ ನೋಡಿದ. ಆಮೇಲೆ, “ತಳಕ್ಕೆ ಪಾಲಿಶ್ ಹಾಕಿಲ್ಲ,” ಎಂದ. “ಕೆಳಗಡೆಯಿಂದ ಯಾರು ನೋಡ್ತಾರೆ ಅಂತ ಬಿಟ್ಟಿದ್ದೆ.”

ಎದ್ದವನು ಟೇಪು ತೆಗೆದ. ಚಿಲ್ಟುವನ್ನು ಗೋಡೆಗೆ ನಿಲ್ಲಿಸಿದ. ಎತ್ತರ ಮೂವತ್ತಮೂರು ಇಂಚು. ಕಣ್ಣಿನ ಮಟ್ಟ ಇಪ್ಪತ್ತೊಂಬತ್ತು. ಬರೆದುಕೊಂಡು, ಕೋಣೆಗೆ ಹೋಗಿ, ಹಾಸಿಗೆಯ ಎತ್ತರ ಮತ್ತೆ ಅಳೆದ. ಮೂವತ್ತು. ಇನ್ನೊಮ್ಮೆ ಅಳೆದ.

“ಒಂದಿಂಚು,” ಎಂದ. “ಒಂದಿಂಚಿಗೆ ನೀನು ಅವಳಿಗೆ ಕಾಣ್ತಿರಲಿಲ್ಲ.”

ಹೆಂಡತಿ ಅವನ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವನ ಕೈಗೆ ಕೊಟ್ಟಳು.

ಇಬ್ಬರೂ ಕುಳಿತು ಲೆಕ್ಕ ಹಾಕಿದರು. ನಿಂತ ತಾಯಿಗೂ ನಿಂತ ಮಗುವಿಗೂ ಒಂದೇ ಎತ್ತರ ಹೊಂದುವುದಿಲ್ಲ. ಆದರೆ ಕುರ್ಚಿಯ ಮೇಲೆ ಕುಳಿತ ತಾಯಿಯ ಕೈ ಬಗ್ಗದೆ ಮುಟ್ಟುವುದು ನೆಲದಿಂದ ಇಪ್ಪತ್ತೊಂದು ಇಂಚಿನವರೆಗೆ. ನಿಂತ ಮಗುವಿನ ಕೈ ಸಲೀಸಾಗಿ ಮುಟ್ಟುವುದೂ ಅಷ್ಟೇ ಎತ್ತರ. ಮಗುವಿನ ಸಾಮಾನೆಲ್ಲ ಇಪ್ಪತ್ತೊಂದಕ್ಕೆ ಇಳಿಯಬೇಕು. ಮಂಚ ಪೂರ್ತಿ ಇಳಿಸಿದರೆ ಏಳುವಾಗ ಹೊಟ್ಟೆ ಬಿಗಿಯುತ್ತದೆ. ಹತ್ತಿಂಚಿನ ದಿಮ್ಮಿ ತೆಗೆದು ನಾಲ್ಕಿಂಚಿನದು ಇಟ್ಟರೆ ಇಪ್ಪತ್ತನಾಲ್ಕು. ಅದಕ್ಕೆ ಎರಡು ಮೆಟ್ಟಿಲು: ಎಂಟು, ಹದಿನಾರು, ಮೂರನೆಯ ಹೆಜ್ಜೆಗೆ ಹಾಸಿಗೆ. ಎಂಟರ ಮಗ್ಗಿ.

“ಹನ್ನೊಂದು ಕಿಲೋ ಮುನ್ನೂರು ಗ್ರಾಂ ನಾನು ಎತ್ತೋ ಹಾಗಿಲ್ಲ,” ಎಂದಳು ಅವಳು. “ಅದೇ ತನ್ನನ್ನ ತಾನು ಎತ್ತಿಕೊಂಡು ಬಂದ್ರೆ ಬೇಡ ಅಂತ ಡಾಕ್ಟರು ಹೇಳಿಲ್ಲವಲ್ಲ.”

ಅತ್ತಿಗೆ ಕೇಳಿಸಿಕೊಂಡು ಕೈ ಒರೆಸಿಕೊಳ್ಳುತ್ತ ಬಂದಳು. “ಮೆಟ್ಟಿಲು ಮಾಡಿದ್ರೆ ಹತ್ತಿಬಿಡ್ತಾಳಾ? ಹತ್ತದೆ ಹೋದ್ರೆ? ನಾನು ಹೋದ ಮೇಲೆ ಮೂವತ್ತು ದಿನ ನೀನು ಕಣ್ಣಲ್ಲಿ ನೀರು ಹಾಕ್ಕೊಂಡು ಕೂರೋದಾ?”

“ಅತ್ತಿಗೆ, ಬುಧವಾರ ನೀವು ಬಸ್ಸು ಹತ್ತೋದರೊಳಗೆ ಅವಳಾಗಿ ನನ್ನ ಹತ್ರ ಬಂದ್ರೆ ಇಲ್ಲೇ ಇರ್ತಾಳೆ. ಬರದಿದ್ರೆ ಕರ್ಕೊಂಡು ಹೋಗಿ. ನಾನು ಒಂದು ಮಾತೂ ಆಡಲ್ಲ. ಕರೆಯೋದೂ ಇಲ್ಲ. ಬಿಸ್ಕತ್ತು ತೋರಿಸೋದೂ ಇಲ್ಲ.”

“ಕರೆದ್ರೆ ಏನೇ ತಪ್ಪು?”

“ಕಿಟಕಿಯಲ್ಲಿ ಕೂತು ಹನ್ನೊಂದು ವರ್ಷ ತಕ್ಕಡಿಗೆ ಬೆರಳು ತಾಗಿಸಿದವಳಲ್ಲ ನಾನು. ಈಗ ಯಾಕೆ?”

ಬಡಗಿ ಮೆಟ್ಟಿಲಿಗೆ ಹಲಗೆ ಆರಿಸಲು ಹಿತ್ತಲಿಗೆ ಎದ್ದು ಹೋದ.

ಸೋಮವಾರ ಮಂಚವೂ ಸೇರಿ ನಲವತ್ತಮೂರರಲ್ಲಿ ಹತ್ತೊಂಬತ್ತು ವಸ್ತುಗಳು ಇಳಿದವು. ಕಮೋಡು ನೆಲಕ್ಕೆ ಬಂದ ಹತ್ತು ನಿಮಿಷದಲ್ಲಿ ಅದರ ಉಪಯೋಗವೂ ಆಯಿತು. ಅತ್ತಿಗೆ ಅದನ್ನು ಬಸ್ಸು ಬಂದಂತೆ ಜೋರಾಗಿ ಘೋಷಿಸಿದಳು. ಮಗು ಲೋಟ ತಾನೇ ತೆಗೆದುಕೊಂಡಿತು, ತಾನೇ ಇಟ್ಟಿತು, ಮತ್ತೆ ತೆಗೆಯಿತು. ಆ ದಿನ ನೀರು ಕುಡಿದದ್ದು ಹದಿನಾಲ್ಕು ಸಲ. ಮಂಗಳವಾರ ಮಧ್ಯಾಹ್ನ ಮೆಟ್ಟಿಲು ಬಂತು. ಅಂಚು ಉಜ್ಜಿ, ತಳಕ್ಕೂ ಪಾಲಿಶ್ ಹಾಕಿ, ಮಂಚದ ಪಕ್ಕ ಇಟ್ಟು ಬಡಗಿ ದೂರ ಸರಿದು ನಿಂತ.

ಚಿಲ್ಟು ಬಂದು ನೋಡಿತು. ಕೈಯಿಂದ ಸವರಿತು. ಮೇಜಿನ ಕೆಳಗೆ ಹೋಗಿ ಚಮಚ ತಂದು ಮೊದಲ ಮೆಟ್ಟಿಲ ಮೇಲಿಟ್ಟಿತು. ಮುಚ್ಚಳ ತಂದಿಟ್ಟಿತು. ಕ್ಲಿಪ್ಪು, ಗುಂಡಿ, ಪೆನ್ಸಿಲು. ಎರಡು ಮೆಟ್ಟಿಲೂ ತುಂಬಿದವು. ಕಾಲಿಡಲು ಜಾಗ ಉಳಿಯಲಿಲ್ಲ.

“ಒಳ್ಳೇ ಕಪಾಟು ಮಾಡಿಕೊಟ್ಟೆ ಕಣೋ,” ಎಂದಳು ಅಕ್ಕ. ಆದರೆ ನಗಲಿಲ್ಲ. ಸಂಜೆಯಾಗುವವರೆಗೆ ಕಾದು, ಮಗುವಿನ ಆರು ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಬಾಣಂತಿ ಹಾಸಿಗೆಯ ಮೇಲಿಂದ ನೋಡುತ್ತಿದ್ದಳು. ಮೆಟ್ಟಿಲಿನ ಆಚೆ ಮಗುವಿನ ತಲೆ, ಹಣೆ, ಕಣ್ಣು, ಮೂಗಿನವರೆಗೆ ಈಗ ಕಾಣುತ್ತಿತ್ತು. ಕಣ್ಣುಗಳು ಅವಳನ್ನು ನೋಡುತ್ತಿದ್ದವು. ಅವಳು ಕರೆಯಲಿಲ್ಲ. ನಾಲಿಗೆಯ ತುದಿಗೆ ಬಂದ ಹೆಸರನ್ನು ಹಲ್ಲಿನಿಂದ ಹಿಡಿದುಕೊಂಡಳು.

ಬುಧವಾರ, ಇಪ್ಪತ್ತಾರು. ಬಸ್ಸು ಒಂಬತ್ತೂವರೆಗೆ. ಎಂಟೂವರೆಗೆ ಅತ್ತಿಗೆ ಸಿದ್ಧವಾಗಿ, ಮಗುವಿಗೆ ಉಣ್ಣೆಯ ಟೊಪ್ಪಿಗೆ ಹಾಕಿ, ತಾಯಿಯ ಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು ಶೂ ತೊಡಿಸಿದಳು. ಬಲಗಾಲಿನದು ಆಯಿತು. ಎಡಗಾಲಿನದೂ ಆಯಿತು. ಬಡಗಿ ಚೀಲ ಹಿಡಿದು ನಿಂತಿದ್ದ. ತಾಯಿ ಮಗನಿಗೆ ಹಾಲೂಡಿಸುತ್ತಿದ್ದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಹೊರಡೋಣವಾ ಬಂಗಾರ? ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸ್ತೀನಿ.”

ಮಗು ತನ್ನ ಕಾಲು ನೋಡಿಕೊಂಡಿತು. ಎಡಗಾಲಿನ ಶೂ ಕಚ್ಚುತ್ತಿತ್ತೋ, ಕಚ್ಚದಿದ್ದರೂ ಬೇಡವಾಗಿತ್ತೋ, ಎರಡೂ ಕೈಯಲ್ಲಿ ಎಳೆಯಿತು. ಬಕಲ್ಲು ಬಿಚ್ಚಲಿಲ್ಲ. ಪಕ್ಕದಲ್ಲೇ ಅತ್ತೆ ಇದ್ದಳು. ಮಗು ಅತ್ತೆಯನ್ನು ನೋಡಿತು. ಆಮೇಲೆ ತಿರುಗಿ ಮಂಚದ ಕಡೆಗೆ ನಡೆಯಿತು. ಮೊದಲ ಮೆಟ್ಟಿಲ ಮೇಲಿದ್ದ ಚಮಚ, ಮುಚ್ಚಳಗಳನ್ನು ತೋಳಿನಿಂದ ಬಳಿದು ಕೆಳಗೆ ಕೆಡವಿತು. ಎರಡು ಕೈ ಊರಿ ಮಂಡಿ ಇಟ್ಟಿತು. ಎಂಟು ಇಂಚು. ಎರಡನೆಯ ಮೆಟ್ಟಿಲಿನದನ್ನೂ ಕೆಡವಿತು. ಗುಂಡಿಗಳು ಉರುಳಿ ಮಂಚದಡಿ ಸೇರಿದವು. ಹದಿನಾರು. ಹಾಸಿಗೆಯ ಹೊದಿಕೆ ಹಿಡಿದು, ಹೊಟ್ಟೆಯ ಮೇಲೆ ತೆವಳಿ, ಏದುಸಿರು ಬಿಡುತ್ತ ಮೇಲೆ ಬಂತು. ತಾಯಿಯ ಪಕ್ಕಕ್ಕೆ ಹೊರಳಿ, ಕಾಲು ಚಾಚಿ ಅವಳ ಕೈಯ ಮೇಲಿಟ್ಟಿತು.

“ಅಮ್ಮ, ತೆಗಿ.”

ತಾಯಿ ಒಂದು ಕೈಯಲ್ಲಿ ಮಗನನ್ನು ಹಿಡಿದು, ಇನ್ನೊಂದರಲ್ಲಿ ಬಕಲ್ಲು ಬಿಚ್ಚಿದಳು. ಒಂದೇ ಕೈಗೆ ಅದು ಎರಡು ಸಲ ತಪ್ಪಿತು. “ಇನ್ನೊಂದು,” ಎಂದು ಮಗು ಬಲಗಾಲು ಕೊಟ್ಟಿತು. ಅದನ್ನೂ ಬಿಚ್ಚಿದಳು. ಮಗು ಟೊಪ್ಪಿಗೆ ತಾನೇ ಕಿತ್ತೆಸೆದು, ತಮ್ಮನ ಪಾದ ಹಿಡಿದು ನೋಡಿತು. “ಚೂರೇ ಚೂರು,” ಎಂದಿತು. ತಲೆಯನ್ನು ಅಮ್ಮನ ತೋಳಿಗೆ ಒತ್ತಿತು. ಆ ತಲೆಯ ತೂಕ ಎಷ್ಟೆಂದು ಹೇಳಲು ಮೊದಲ ಬಾರಿಗೆ ಅವಳ ತೋಳಿಗೆ ಬರಲಿಲ್ಲ.

ಬಡಗಿ ಚೀಲ ಕೆಳಗಿಟ್ಟ. “ಮೇಜಿನ ಕಾಲು ಕೊಯ್ಯೋದೆಲ್ಲ ಮನೆ ಹಿತ್ತಲಲ್ಲೇ ಆಗುತ್ತೆ,” ಎಂದ, ಯಾರೂ ಕೇಳದಿದ್ದರೂ. “ತೊಂಬತ್ತಾರು ಕಾಲು. ಮಧ್ಯಾಹ್ನದಿಂದ ಇಲ್ಲೇ ಇರ್ತೀನಿ. ಸ್ನಾನ ನಾನು ಮಾಡಿಸ್ತೀನಿ.”

“ಇದು ಮೊದಲೇ ಹೊಳೆದಿದ್ರೆ ನನ್ನ ಎದೆ ಇಷ್ಟು ಹೊಡ್ಕೋತಿರಲಿಲ್ಲ,” ಎಂದಳು ಅಕ್ಕ. ಮಣೆಯಿಂದ ಏಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಖಾಲಿ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಅವು ಒದ್ದೆಯಾಗಿರಲಿಲ್ಲ. ಕಪಾಟಿನ ಮುಂದೆ ಕುಳಿತು ಚೀಲ ತೆರೆದು, ಮಡಿಸಿದ್ದ ಅಂಗಿಗಳನ್ನು ಒಂದೊಂದಾಗಿ ಮಗುವಿನ ಅರೆಯಲ್ಲಿ ಇಟ್ಟಳು.

ತಾಯಿ ಎಣಿಸುತ್ತಿದ್ದಳು. ಐದಕ್ಕೆ ನಿಂತಿತು. ಆರನೆಯದು, ಜೇಬಿರುವ ಹಳದಿ ಅಂಗಿ, ಅತ್ತಿಗೆಯ ಸ್ವಂತ ಚೀಲದೊಳಕ್ಕೆ ಹೋಯಿತು.

“ಅತ್ತಿಗೆ, ಅದು?”

“ಅದು ನನ್ನ ಹತ್ರ ಇರ್ಲಿ. ನಿನ್ನ ಮಗಳೇ ಬಂದು ಕೇಳಿ ಇಸ್ಕೊಳ್ಳಲಿ. ನಿಮ್ಮನ್ನೂ ಕರ್ಕೊಂಡು.”

“ಅಷ್ಟೊತ್ತಿಗೆ ಅವಳಿಗೆ ಚಿಕ್ಕದಾಗಿರುತ್ತೆ.”

“ಆಗ್ಲಿ. ಇವನಿಗೆ ಆಗುತ್ತೆ.” ಅತ್ತಿಗೆ ಚೀಲದ ಜಿಪ್ಪು ಎಳೆದಳು. “ಬೇಗ ಬಂದ್ರೆ ಇಬ್ಬರಲ್ಲಿ ಯಾರಿಗಾದ್ರೂ ಸರಿಹೋಗುತ್ತೆ.”

“ಬರ್ತೀವಿ. ನಲವತ್ತೆರಡು ತುಂಬಿದ ಮೊದಲ ಭಾನುವಾರ.”

“ಮಾತು ಕೊಟ್ಟಿದೀಯ. ಬರ್ಕೋತೀನಿ.”

ತಮ್ಮ ಚೀಲ ಹೊತ್ತು ಮುಂದೆ ನಡೆದ. ಅವಳು ಮಂಚದ ಹತ್ತಿರ ಬಂದು, ಬಗ್ಗಿ, ಮಗುವಿನ ನೆತ್ತಿಗೆ ಮುತ್ತಿಟ್ಟು, ಬಸ್ಸು ತಪ್ಪಿಸಿಕೊಳ್ಳಬಾರದವಳಂತೆ ಬಿರಬಿರನೆ ಹೊರಟಳು. ಗಂಟೆ ಒಂಬತ್ತು ಹತ್ತು. ಕೊಟ್ಟ ಅಂಗಿಗಳು ಐದು. ಬಾಕಿ ಒಂದು.